ಸೇಬು ಇಟ್ಟ ವಾರ

ಬುಡಕ್ಕಲ್ಲ, ಅಂದಳು ಗೋಡೆಯಾಚೆಯ ಗೋಡೆಲೀವ,
ಬಾಯಿಗೆ ಹಾಕು ನೀರು.
ಎಲೆ ಎಲೆ ಸೇರಿ ಕಟ್ಟಿದ ಬಟ್ಟಲು ಕಾಣೋದಿಲ್ಲವೆ?
ಬೇರು ಇದಕ್ಕೆ ಬರೀ ಕೈ,
ಕೊಂಬೆ ಹಿಡಿದು ಕೂರಲಿಕ್ಕೆ.

ನಲ್ಲಿ ನೀರೂ ಬೇಡ. ಗೆಂಟ್ ಊರಿನ ನಲ್ಲಿಯಲ್ಲಿ ಸುಣ್ಣ ಬಹಳ,
ನಿನ್ನ ಕೆಟಲಿನ ತಳ ನೋಡಿಕೊ, ಸಾಕು.
ಹಾಗಾಗಿ ನಾಲ್ಕನೇ ಮಹಡಿಯ ಕಿಟಕಿಯ ಹೊರಗೆ
ಹಗ್ಗ ಬಿಗಿದು ನೇತುಹಾಕಿದೆ ಒಂದು ಪ್ಲಾಸ್ಟಿಕ್ ಬಕೆಟ್ಟು.
ತಗಡಿನದಲ್ಲ, ತಗಡು ಮುಟ್ಟಿದ ನೀರು ಇದಕ್ಕಾಗದಂತೆ.
ರಾತ್ರಿ ಪಾಳಿ ಮುಗಿಸಿ ಟ್ರಾಮ್ ಡಿಪೋದಿಂದ ಬಂದವನು
ಕೋಟು ಬಿಚ್ಚುವ ಮೊದಲೇ ಕೈ ಅದ್ದಿ ನೋಡುತ್ತೇನೆ,
ಎಷ್ಟು ಬೆರಳು ಬಂತು ಆಕಾಶ.

ಗಿಡ ನನ್ನದಲ್ಲ. ಹಿಂದೆ ಬಾಡಿಗೆಗಿದ್ದವರು
ಬಚ್ಚಲಲ್ಲಿ ಬಿಟ್ಟುಹೋದದ್ದು,
ಕಾಲು ಮುರಿದ ಇಸ್ತ್ರಿ ಹಲಗೆಯ ಜೊತೆ.
ಹಸಿರೆಲೆಯ ಮೇಲೆ ಅಡ್ಡಡ್ಡ ಬೆಳ್ಳಿ ಪಟ್ಟೆ.
ಧೂಳೆಂದುಕೊಂಡು ಒರೆಸಿದೆ ಮೊದಲ ದಿನ.
ಇನ್ನೂ ಇದೆ ಅಲ್ಲಿ, ಬೆಳ್ಳಿ ಅಳಿಸಿದ
ನನ್ನ ಹೆಬ್ಬೆರಳಿನ ಗುರುತು.

ಐದು ವರ್ಷ. ಹೂವಿಲ್ಲ.
ವಾರಕ್ಕೊಮ್ಮೆ ಕುಂಡವನ್ನೇ ಬಗ್ಗಿಸಿ ಹಳೇ ನೀರು ಚೆಲ್ಲುವುದು,
ಹೊಸದು ತುಂಬುವುದು. ಕಾಯಿಲೆಯವರಿಗೆ
ಬಾಯಿ ಮುಕ್ಕಳಿಸಿದ ಹಾಗೆ.

ಸೇಬು ಇಡು, ಅಂದ ಡಿಪೋದ ಲುಡೋವಿಕ್.
ಬಟ್ಟಲು ಬರಿದು ಮಾಡು, ಕಳಿತ ಸೇಬು ಪಕ್ಕದಲ್ಲಿಡು,
ಎರಡನ್ನೂ ಒಂದೇ ಚೀಲದಲ್ಲಿ ಕಟ್ಟು ಹತ್ತು ದಿನ.
ಹಣ್ಣಿನ ಉಸಿರು ತಾಕಿದರೆ ಹೂ ಬಿಡಲೇಬೇಕು ಅದು,
ಬೇರೆ ದಾರಿ ಇಲ್ಲ.

ಸೋಮವಾರ ಕಟ್ಟಿದೆ.
ಮಂಗಳವಾರ ಚೀಲದ ಒಳಮೈಯೆಲ್ಲ ಬೆವರು.
ಗುರುವಾರ ಬಂದಳು ಗೋಡೆಲೀವ, ಉಪ್ಪು ಕೇಳಲು.
ನೋಡಿದಳು. ಉಪ್ಪು ಮರೆತಳು.

ಮೂವತ್ತೊಂದು ವರ್ಷ, ಅಂದಳು, ಲೋಕ್ರಿಸ್ತಿಯ ಗಾಜಿನ ಮನೆಯಲ್ಲಿ
ವಾರ ಎಣಿಸಿ ಗ್ಯಾಸ್ ಬಿಡುತ್ತಿದ್ದೆವು.
ಎಂಟು ಸಾವಿರ ಗಿಡ ಒಟ್ಟಿಗೆ ಬಣ್ಣಕ್ಕೆ ಬರಬೇಕು,
ತಾಯಂದಿರ ದಿನಕ್ಕೆ ಸರಿಯಾಗಿ ಲಾರಿ ಹೊರಡಬೇಕು.
ಹೊರಟವು. ಪ್ರತಿ ವರ್ಷ ಹೊರಟವು.
ಒಮ್ಮೆ ಹೂ ಬಿಟ್ಟ ತಾಯಿ ಉಳಿಯೋದಿಲ್ಲ, ಗೊತ್ತಲ್ಲ?
ಕೊಂಡವರಿಗೆ ನಾವು ಹೇಳುತ್ತಿರಲಿಲ್ಲ.
ಚೀಟಿಯಲ್ಲಿ ಅಷ್ಟು ಜಾಗ ಇರಲಿಲ್ಲ.

ಅಷ್ಟೊಂದು ಹೂ ಕಂಡೆ.
ಕರೆಯದೆ ಬಂದದ್ದು
ಒಂದನ್ನೂ ಕಾಣಲಿಲ್ಲ.

ಅವಳು ಹೋದ ಮೇಲೆ ಚೀಲ ಬಿಚ್ಚಿದೆ.
ಸೇಬು ತಿಂದೆ, ಕಿಟಕಿಯ ಹತ್ತಿರ ನಿಂತೇ.
ಹಿಟ್ಟುಹಿಟ್ಟಾಗಿತ್ತು.
ನಾಲ್ಕು ದಿನದ ಉಸಿರು ಸಾಕೋ ಸಾಲದೋ
ಯಾರನ್ನು ಕೇಳುವುದು?

ಜನವರಿ. ಹೊರಗಿನ ಬಕೆಟ್ಟಿನಲ್ಲಿ ಮಂಜುಗಡ್ಡೆಯ ಬಿಲ್ಲೆ.
ಅಡುಗೆಮನೆಯಲ್ಲಿ ಅದನ್ನು ಕರಗಿಸಿ, ಬೆಚ್ಚಗಾಗಲು ಬಿಟ್ಟು,
ಸುರಿಯಲು ಬಗ್ಗಿದರೆ ಬಟ್ಟಲಿನ ತಳದಲ್ಲಿ
ಏನೋ ಗುಲಾಬಿ, ಬೆಕ್ಕಿನ ನಾಲಗೆಯಷ್ಟು.
ಯಾರಿಗೂ ಹೇಳಲಿಲ್ಲ ಎರಡು ವಾರ.
ಆಮೇಲೆ ಒಂದು ಬೆಳಗು ಗೋಡೆ ಬಡಿದೆ.

ಬಂದಳು, ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು.
ಮುಳ್ಳು ಮುಳ್ಳು ಗುಲಾಬಿ ಗುಪ್ಪೆ,
ಸಂದಿಸಂದಿಯಲ್ಲಿ ಅಕ್ಕಿಕಾಳಿನಷ್ಟು ನೀಲಿ.
ತಾನಾಗಿಯೇ? ಅಂದಳು.
ತಾನಾಗಿ, ಅಂದೆ.
ನನ್ನ ಮುಖ ನೋಡಲಿಲ್ಲ ಅವಳು.
ಕುರ್ಚಿ ಎಳೆದು ಕೂತಳು, ಕೋಟಿನ ಗುಂಡಿ ಬಿಚ್ಚದೆ.
ನಾನು ನಿದ್ದೆ ಹೋಗಿ ಎದ್ದಾಗಲೂ ಕೂತೇ ಇದ್ದಳು.

ಈಗ ಜುಲೈ. ತಾಯಿಯ ಹೊರಗಿನ ಎಲೆಗಳು ಒಣಗಿವೆ.
ಪಕ್ಕೆಗೆ ಎರಡು ಮರಿ.
ಅರ್ಧ ಎತ್ತರ ಬರಲಿ, ಅಮೇಲೆ ಬಿಡಿಸು, ಅಂದಿದ್ದಾಳೆ,
ಚೂರಿ ಹರಿತವಿರಲಿ. ಒಂದು ತನಗಂತೆ.
ಮರಿ ಹೂವಾಗಲು ಮೂರು ವರ್ಷವಾದರೂ ಬೇಕು,
ಕರೆಯದಿದ್ದರೆ ಎಷ್ಟೋ.
ಅವಳಿಗೆ ಎಪ್ಪತ್ತೊಂಬತ್ತು.

ನಿನ್ನೆ ಮೆಟ್ಟಿಲ ಮೇಲೆ ಸಿಕ್ಕಳು.
ನನ್ನ ಸಂತೆಚೀಲಕ್ಕೆ ಇಣುಕಿ ನೋಡಿ,
ನನ್ನ ಮನೆಗೆ ಸೇಬು ತರಬೇಡ, ಅಂದಳು.
ಕಿತ್ತಳೆಯಾದರೆ ಪರವಾಗಿಲ್ಲ.