ಕಾಜಾ ಮಷೀನಿನ ಪಕ್ಕ

ಪಿಸೆ ಸಾಹುಕಾರರ ಅಳಿಯ ಎರಡು ದೇಶ ತಿರುಗಿ ಬಂದಿದ್ದಾನೆ,
ಬಾಂಗ್ಲಾ ಒಂದು, ವಿಯೆಟ್ನಾಂ ಒಂದು.
ಕೌಲ್ ಬಜಾರಿನ ನಮ್ಮ ಶೆಡ್ಡಿಗೆ
ಕರೆಂಟು ಹೋದ ಹೊತ್ತು ನೋಡಿ ಬರುತ್ತಾನೆ.
ಕಟಿಂಗ್ ಟೇಬಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಎರಡು ಖಾನೆ:
ಇಲ್ಲಿ ಕೂಲಿ ಅಗ್ಗ. ಅಲ್ಲಿ ಕೈ ಚುರುಕು.
ಇಲ್ಲಿ ಟ್ರಾಫಿಕ್ಕಿನಲ್ಲೇ ಮುಪ್ಪು ಬರುತ್ತದೆ,
ಅಲ್ಲಿ ರಸ್ತೆ ದಾಟಲು ಎದೆ ಬೇಕು, ಬರೀ ಸ್ಕೂಟರು.
ಇಲ್ಲಿ ಮೀನು ರುಚಿ, ಮುಳ್ಳು ಜಾಸ್ತಿ.
ಅಲ್ಲಿ ಸಮುದ್ರದೊಳಗೇ ಗುಡ್ಡ, ಸಂದಿನಲ್ಲಿ ದೋಣಿ.
"ಹನಿಮೂನಿಗೆ ಅಂದ್ರೆ ಅದೇ ನೋಡ್ರಿ."

"ನಮ್ಮ ಗುಡ್ಡಕ್ಕೂ ಸಮುದ್ರ ಒಂದೇ ಕಡಿಮೆ" ಅಂದ ಮುನೀರ.
ನಾನು ಗುಂತಕಲ್ಲಿನ ಆಚೆ ರೈಲು ಇಳಿದವನಲ್ಲ,
ನಕ್ಕೆ.

ಕಾಜಾ ಹೊಡೆಯುವ ಹೊನ್ನೂರಬಿ ಕೇಳಿದಳು:
"ಅವರಿಗೆ ಒಂದು ಕಾಜಾಕ್ಕೆ ಎಷ್ಟು ಬೀಳ್ತೈತೆ?"
ಪೀಸಿನ ಲೆಕ್ಕ ಅಲ್ಲ, ತಿಂಗಳ ಪಗಾರ, ಅಂದ.
"ಹಂಗಾದ್ರೆ ಉಚ್ಚೆಗೆ ಎದ್ದರೆ ರೊಕ್ಕ ಹೋಗಲ್ಲ?"
ಅದನ್ನು ಬರೆಯಲು ಯಾವ ಖಾನೆಯಲ್ಲೂ ಜಾಗವಿರಲಿಲ್ಲ.
ಅಳಿಯ ಫೋನು ತೆಗೆದ.

ಉದ್ದಕ್ಕೆ ಟ್ಯೂಬ್‌ಲೈಟು, ಸಾಲು ಸಾಲು ಹೆಂಗಸರು,
ತಲೆಗೆ ಬಟ್ಟೆ, ಮೂಗಿಗೆ ಪಟ್ಟಿ.
ಹೊನ್ನೂರಬಿ ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸುತ್ತಾ ಹೋದಳು,
ಮಷೀನು ದಾಟಿ, ಕಣ್ಣು ದಾಟಿ,
ಒಬ್ಬಳ ಉಗುರಿನ ಸಂದಿನ ತನಕ.
ನೀಲಿ.
ತನ್ನ ಹೆಬ್ಬೆರಳು ಪಕ್ಕದಲ್ಲಿ ಹಿಡಿದಳು.
"ಯಾವ ದೇಶದಾಕಿ ಈಕಿ?"

ಅಳಿಯ ನೋಡಿದ, ತಿರುಗಿಸಿ ನೋಡಿದ.
ನೆನಪಾಗಲಿಲ್ಲ.

ಕರೆಂಟು ಬಂತು.
ಎರಡೂ ಖಾನೆಗಳ ಮೇಲೆ ಮುನೀರ
ಡೆನಿಮ್ಮಿನ ಥಾನು ಉರುಳಿಸಿದ.
ಸೈಜು ಮೂವತ್ತೆರಡು, ನಾಳೆ ಬೆಳಗ್ಗೆಗೆ ಬೇಕು.