ರಸಮಟ್ಟ

ಇವರು ದಮಾಮಿನಲ್ಲಿ ಹದಿನಾಲ್ಕನೇ ಮಹಡಿಗೆ ಗಾರೆ ಬಳಿಯುತ್ತಾರೆ.
ಅರೇಹಳ್ಳಿಯ ನಮ್ಮ ಗೋಡೆಗೆ ಬಳಿಯಲು ಆಳಿಲ್ಲ.
ಕರಣೆ ಹಿಡಿಯುವ ಕೈಯೆಲ್ಲ ಅಲ್ಲೇ,
ಇವರ ಮೇಲಿನ ಮಂಚದಲ್ಲಿ, ಕೆಳಗಿನ ಮಂಚದಲ್ಲಿ.

ಕಾಫಿ ಕೊಯ್ಲಿಗೆ ಅಸ್ಸಾಮಿನವರು ಬಂದ ಹಾಗೆಯೇ
ಮುರ್ಷಿದಾಬಾದಿನಿಂದ ಮನಿರುಲ್ ಬಂದ.
ಗೊತ್ತಿದ್ದದ್ದು ನಾಲ್ಕೇ ಮಾತು:
ನೀರು, ಮರಳು, ಸಾಕು, ಶನಿವಾರ.

ಐದನೇ ತಾರೀಕು ಫೋನು ಟಿಣ್ ಅನ್ನುತ್ತದೆ.
ಸಿಮೆಂಟಿನವನಿಗೆ ಇಷ್ಟು, ನಾದಿನಿಯ ನರ್ಸಿಂಗ್ ಫೀಸಿಗೆ ಇಷ್ಟು,
ಶನಿವಾರ ಮನಿರುಲ್ಲನಿಗೆ.
ಅವನು ಅಂದೇ ಸಂಜೆ ಹೆಂಡತಿಗೆ ಕಳಿಸುತ್ತಾನೆ.
ದಮಾಮಿನ ಬೆವರು ನಮ್ಮ ಹೊಸಿಲಲ್ಲಿ
ಒಂದು ವಾರ ಕೂತೆದ್ದು ಹೋಗುತ್ತದೆ.
ಅವನೂರಲ್ಲೂ ಮನೆ ಏಳುತ್ತಿದೆಯಂತೆ.
ಕಟ್ಟುವವರು ಯಾರು, ಕೇಳಿದೆ.
ನಕ್ಕ. ಆ ಮಾತು ಅವನಿಗೆ ಬರುವುದಿಲ್ಲ.

ಮೊದಲು ಸಹಿ ಮಾಡಲು ಕೈ ನಡುಗುತ್ತಿತ್ತು.
ಈಗ ಇಟ್ಟಿಗೆ ಎಣಿಸುತ್ತೇನೆ, ಮೋಸ ಹಿಡಿಯುತ್ತೇನೆ,
ಬೇಲೂರಿನ ಬ್ಯಾಂಕಿಗೆ ಸ್ಕೂಟರಿನಲ್ಲಿ ಹೋಗುತ್ತೇನೆ.
ಇವರು ಬಂದ ಮೇಲೆ ಬೀರುವಿನ ಚಾವಿ ಯಾರ ಹತ್ತಿರ?
ಇನ್ನೂ ಇಬ್ಬರೂ ಕೇಳಿಲ್ಲ.

ಮೊನ್ನೆ ಖಾದರಬ್ಬನ ಮಯ್ಯತ್ತು.
ಹೊರಲು ಮೂವರೇ;
ಉಳಿದವರು ಮುದುಕರು, ಮದ್ರಸದ ಮಕ್ಕಳು.
ಮನಿರುಲ್ ಸಾರುವೆಯಿಂದ ಇಳಿದು, ಕೈ ತೊಳೆದು,
ನಾಲ್ಕನೇ ಹೆಗಲು ಕೊಟ್ಟ.
ಖಾದರಬ್ಬನ ಮೂರು ಗಂಡುಮಕ್ಕಳು ಫೋನಿನಲ್ಲಿ ಅತ್ತರು.

ರಾತ್ರಿ ಇವರಿಗೆ ವಿಡಿಯೋದಲ್ಲಿ ಗೋಡೆ ತೋರಿಸಿದೆ.
"ಆ ಮೂಲೆ ಸೊಟ್ಟ. ರಸಮಟ್ಟ ಇಟ್ಟು ನೋಡು."
ಇಟ್ಟೆ.
ಗುಳ್ಳೆ ಕೂದಲೆಳೆಯಷ್ಟು ಅತ್ತ ಸರಿಯಿತು.
"ಸರಿಯಾಗಿದೆ," ಅಂದೆ.