ಸಂಡಿಗೆ ಮಾಳಿಗೆ

ಮೇ ತಿಂಗಳಲ್ಲಿ ಬಳ್ಳಾರಿಗೆ ಅಂದಾಗ
ಲಿಂಗಸೂಗೂರಿನ ನಮ್ಮ ಕಟಿಂಗ್ ಶಾಪಿನವ
ಕತ್ತರಿ ನಿಲ್ಲಿಸಿ ನಕ್ಕಿದ್ದ:
"ಬಾಣಲಿಯಿಂದ ಬೆಂಕಿಗೆ ಬೀಳಾಕ
ಯಾರರ ಟಿಕೆಟ್ ತಗೀತಾರೇನ್ರಿ?"

ವಿಮಾನದ ಹುಚ್ಚು ನನ್ನ ಭಾವಮೈದುನ ಷಡಕ್ಷರಿಯದು.
ಜೆಸ್ಕಾಂನ ಲೈನ್‌ಮ್ಯಾನ್.
ಕಂಬದ ತುದಿಯಿಂದ ಆಕಾಶವನ್ನು
ನಮಗಿಂತ ಇಪ್ಪತ್ತಾರು ಅಡಿ ಹತ್ತಿರ ಕಂಡವನು.

ಬಸ್ಸಿಳಿದಾಗ ಮೂರು ಗಂಟೆ.
ಕೋಟೆ ಗುಡ್ಡ ರೊಟ್ಟಿ ಹಂಚಿನ ಹಾಗೆ ಕಾದಿತ್ತು.
ಡಾಂಬರು ಚಪ್ಪಲಿ ಹಿಡಿದು
ಕೂತು ಹೋಗ್ರಿ ಎನ್ನುತ್ತಿತ್ತು.
ಮೊದಲ ಲಾಡ್ಜಿನಲ್ಲಿ ರೂಮಿಲ್ಲ.
ಎರಡನೆಯದರಲ್ಲಿ ರೂಮಿತ್ತು,
ರೇಟು ಹೇಳುವಷ್ಟರಲ್ಲಿ ನಾವಿರಲಿಲ್ಲ.
ಮೂರನೆಯದರ ಮ್ಯಾನೇಜರು ಒದ್ದೆ ಟವೆಲ್ ತಲೆಗೆ ಹೊದ್ದು
ಕೂಲರಿನ ಮುಂದೆ ಕೂತಲ್ಲೇ ಕೈಯಾಡಿಸಿದ.
ಇಲ್ಲ ಅಂದನೋ, ಗಾಳಿ ಬೀಸಿಕೊಂಡನೋ.

ಕೌಲ್‌ಬಜಾರಿನ ಒಂದು ಸಂದಿ.
ಜೀನ್ಸ್ ಹೊಲಿಯುವ ಮಷೀನುಗಳ ಗಡಗಡ.
ಸೋಡಾ ಗಾಡಿಯವ ಗೋಲಿ ಒತ್ತಿ ಟುಸ್ಸೆನಿಸಿ ಹೇಳಿದ:
"ಹೊನ್ನೂರಮ್ಮನ ಮಾಳಿಗಿ ಕೇಳಿ ನೋಡ್ರಿ.
ಆಕಿ ಬಾಯಿ ಜೋರೈತಿ, ಗಾಳೀನೂ ಜೋರೈತಿ."

ತಲೆಗೆ ನೂರೈವತ್ತು. ಚಾಪೆ, ಒಂದು ಕೊಡ ನೀರು.
"ಮುಂಜಾನಿ ಐದಕ್ಕ ಜಾಗ ಬಿಡಬೇಕು,
ಐದರ ಮ್ಯಾಲೆ ಅದು ನನ್ನ ಸಂಡಿಗಿ ಜಾಗ."

ರಾತ್ರಿ ಹತ್ತಾದರೂ ಮಾಳಿಗೆ ಆರಲಿಲ್ಲ.
ಹಗಲೆಲ್ಲ ಸಾಲ ತಂದ ಬಿಸಿಲನ್ನು
ನಮ್ಮ ಬೆನ್ನಿಗೆ ಬಡ್ಡಿ ಸಮೇತ ತೀರಿಸುತ್ತಿತ್ತು.
ಕೊಡದ ನೀರು ಚಿಮುಕಿಸಿದೆವು. ಚುಂಯ್.
ಒದ್ದೆ ಪಂಚೆ ಹೊದ್ದೆವು,
ಹತ್ತು ನಿಮಿಷಕ್ಕೆ ಇಸ್ತ್ರಿಯಾಗಿ ಬಂತು.
ಪಕ್ಕದಲ್ಲಿ ಆದೋನಿಯ ಇಬ್ಬರು ಫೋಟೋದವರು,
ಸಿರುಗುಪ್ಪದ ಅಕ್ಕಿ ಗಿರಣಿಯ ಗುಮಾಸ್ತ, ಅವನ ಮೂರು ಹೆಣ್ಣುಮಕ್ಕಳು.
ವಿಮಾನದಾಗ ಫ್ಯಾನ್ ಇರ್ತತೇನಪ್ಪಾ
ಅಂತ ಕೇಳಿ ಕೇಳಿಯೇ ಕಿರಿಯವಳು ನಿದ್ದೆ ಹೋದಳು.

ಹನ್ನೊಂದೂ ಕಾಲಿಗೆ ಕರೆಂಟು ಹೋಯಿತು.
ಓಣಿಯ ಮಷೀನೆಲ್ಲ ಒಟ್ಟಿಗೇ ಬಾಯಿ ಮುಚ್ಚಿದವು.
ಕತ್ತಲಲ್ಲಿ ಷಡಕ್ಷರಿ ಎದ್ದು ಕೂತ.
"ಟಿಸಿ ಅಲ್ಲ. ಫ್ಯೂಸ್," ಅಂದ.
ರಜೆಯಲ್ಲಿದ್ದ ಅವನ ಬಲಗೈ ಇಕ್ಕಳ ತಡಕುತ್ತಿತ್ತು.
ಮಲಗೋ ಮಾರಾಯ ಅಂದೆ.
ಅಂಗಾತ ಬಿದ್ದು ನಕ್ಷತ್ರಗಳನ್ನು
ಒಂದೊಂದಾಗಿ ಚೆಕ್ ಮಾಡಿದ.
ಒಂದೂ ಟ್ರಿಪ್ ಆಗಿರಲಿಲ್ಲ.

ಕಂಟೋನ್ಮೆಂಟಿನಾಚೆ ಮೈದಾನ.
ಒಂಬತ್ತಕ್ಕೆ ಅಂದದ್ದು ಹನ್ನೊಂದಾಯಿತು.
ನೆರಳು ಅಂದರೆ ಮುಂದಿದ್ದವನ ತಲೆ,
ಅವನು ಕೂತರೆ ಅದೂ ಇಲ್ಲ.
ಬಲ್ಲವರು ನೀರಿನ ಟ್ಯಾಂಕರಿನ ಅಡಿ ಸೇರಿದ್ದರು.
ಕಿಸೆಯಲ್ಲಿ ಉಳ್ಳಾಗಡ್ಡಿ, ಕೈಯಲ್ಲಿ ಮಜ್ಜಿಗೆ ಪಾಕೀಟು,
ಉಗ್ಗಾಣಿ ಮಿರ್ಚಿ ತಿಂದವರು ತಮ್ಮನ್ನೇ ಬೈದುಕೊಂಡರು.

ವಿಮಾನಗಳು ಬಂದವು.
ಬಂದವು ಅನ್ನುವಷ್ಟರಲ್ಲಿ ಹೋಗಿದ್ದವು.
ಸದ್ದು ಆಮೇಲೆ ಬಂತು,
ಬೀಗರ ಊಟ ಮುಗಿದ ಮೇಲೆ ಬರುವ ದೊಡ್ಡಪ್ಪನ ಹಾಗೆ
ಜಗಳಾಡುತ್ತ.
ಷಡಕ್ಷರಿಯ ಕಣ್ಣಿಗೆ ಸರಿಯಾಗಿ ಆಗಲೇ ಬೆವರಿಳಿದಿತ್ತು.
ಕಂಡ್ಯಾ?
"ಅರ್ಧ," ಅಂದ. ಸ್ವಲ್ಪ ಹೊತ್ತಿಗೆ, "ಕಾಲು."

ಚೀಲ ಒಯ್ಯಲು ಬಂದರೆ
ಹೊನ್ನೂರಮ್ಮ ಮಾಳಿಗೆಯಲ್ಲಿ ಸೆರಗಿನ ನೆರಳಿಗೆ ಕೂತು
ಸಂಡಿಗೆ ಮಗುಚುತ್ತಿದ್ದಳು.
"ನಾನೂ ನೋಡಿದ್ನೆಪಾ. ಎಲ್ಲಾ ಇಲ್ಲಿಂದನ ಕಂಡ್ವು.
ಒಂದಂತೂ ನಮ್ಮ ಟಾಕಿ ಮ್ಯಾಲೇ ಮಗ್ಗಲಾತು."
ನನ್ನ ಕಿಸೆಯಲ್ಲಿ ಟಿಕೆಟ್ಟು ಬೆವರಿಗೆ ಹಿಟ್ಟಾಗಿತ್ತು.
"ಹೆಂಗಿದ್ವು?" ಷಡಕ್ಷರಿ ಹತ್ತಿರ ಹೋಗಿ ಕೂತ,
ನೆಂಟರ ಸುದ್ದಿ ಕೇಳುವವನ ಹಾಗೆ.
ಆಕೆ ಕಾದ ಬಿಳಿ ಆಕಾಶವನ್ನೊಮ್ಮೆ ನೋಡಿ ಹೇಳಿದಳು:
"ಮುಂಜಾನಿಂದ ಒಂದ್ ಕಾಗಿ ಬಂದಿಲ್ಲ ನೋಡು.
ಇನ್ನೆರಡು ದಿನ ಇಡಬೇಕಿತ್ತು."

ಬಸ್ಸಿಗೆ ಇನ್ನೂ ಹೊತ್ತಿತ್ತು.
ಆಕೆ ಕೊಟ್ಟ ಅರೆ ಒಣಗಿದ ಸಂಡಿಗೆ
ಹೊರಗೆ ಗರಿ, ಒಳಗೆ ಇನ್ನೂ ಹಸಿ.
ಬಾಯಾಡಿಸುತ್ತ ಷಡಕ್ಷರಿ ತೋಳು ಮಡಚಿದ.
"ಅಮ್ಮಾ, ಫ್ಯೂಸ್ ಡಬ್ಬಿ ಎಲ್ಲೈತಿ?"